ಯಂತ್ರದ ಬುದ್ಧಿಯನ್ನು ಓದಬಲ್ಲವರು ಯಾರು?

ಬೆಳಿಗ್ಗೆ ನಿಮ್ಮ ಮನೆಗೆ ಬರುವ ಹಾಲಿನ ಪೊಟ್ಟಣವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಮೇಲೆ ‘ಪಾಶ್ಚರೀಕರಿಸಿದ’ ಎಂಬ ಮಾತು ಇರುತ್ತದೆ. ಡೇರಿಯಲ್ಲಿ ಆ ಹಾಲನ್ನು ಸುಮಾರು 72 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 15 ಸೆಕೆಂಡು ಅದೇ ಬಿಸಿಯಲ್ಲಿ ಕೊಳವೆಯೊಳಗೆ ಹರಿಸಿ, ಕೂಡಲೇ ತಣಿಸಲಾಗಿದೆ ಎಂದು ಅದರ ಅರ್ಥ. ಬಿಸಿ ಸ್ವಲ್ಪ ಇಳಿಯಿತು ಎನ್ನಿ, ಆಗ ಏನಾಗುತ್ತದೆ? ಕೊಳವೆಯ ಕೊನೆಯಲ್ಲಿರುವ ಒಂದು ವಾಲ್ವ್ ತಟ್ಟನೆ ತಿರುಗಿ, ಹಾಲನ್ನು ಪ್ಯಾಕಿಂಗ್ ಕಡೆಗೆ ಬಿಡದೆ ಮತ್ತೆ ಕಾಯಿಸಲು ಹಿಂದಕ್ಕೆ ಕಳುಹಿಸುತ್ತದೆ. ಯಾರೂ ಥರ್ಮಾಮೀಟರ್ ಹಿಡಿದು ನಿಂತು ಕೂಗಿ ಹೇಳುವುದಿಲ್ಲ.

ಹಾಗಾದರೆ ಈ ತೀರ್ಮಾನ ಮಾಡಿದ್ದು ಯಾರು? ಗೋಡೆಯ ಮೇಲಿನ ಒಂದು ಪೆಟ್ಟಿಗೆ. ಸಕ್ಕರೆ ಕಾರ್ಖಾನೆಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ, ನಗರದ ನೀರು ಶುದ್ಧೀಕರಣ ಘಟಕದಲ್ಲಿ, ವಿದ್ಯುತ್ ಕೇಂದ್ರದಲ್ಲಿ ಇಂಥ ಪೆಟ್ಟಿಗೆಗಳು ಹಗಲೂ ಇರುಳೂ ತೀರ್ಮಾನ ಮಾಡುತ್ತಲೇ ಇವೆ. ಅವು ಹೇಗೆ ಹುಟ್ಟಿದವು ಎಂಬ ಕಥೆ ಸ್ವಾರಸ್ಯಕರವಾದದ್ದು. ಆ ಕಥೆಯ ಉದ್ದಕ್ಕೂ ಒಂದು ಪ್ರಶ್ನೆ ನಮ್ಮ ಬೆನ್ನು ಹತ್ತಿ ಬರುತ್ತದೆ: ಯಂತ್ರಕ್ಕೆ ನಾವು ಕೊಟ್ಟ ಬುದ್ಧಿಯನ್ನು, ಆ ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯ ಓದಬಲ್ಲನೇ? ಈ ಪ್ರಶ್ನೆಗೆ ಸಿಕ್ಕ ಉತ್ತರ ಸರಿಯಿದ್ದ ಕಡೆ ಸ್ವಯಂಚಾಲನೆ ಗೆದ್ದಿದೆ, ತಪ್ಪಿದ ಕಡೆ ಎಡವಿದೆ ಎಂಬುದನ್ನು ಮುಂದೆ ನೀವೇ ಕಾಣುವಿರಿ.

ಚುಕ್ಕಾಣಿಗಾರನಿಂದ ಕಲಿತ ಪಾಠ

ಯಂತ್ರ ತನ್ನನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುವುದು ಹೊಸ ಸಂಗತಿಯೇನಲ್ಲ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಗುಂಡುಗಳು ತಿರುಗುವ ಗವರ್ನರ್ ಅಳವಡಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚಿಕೊಂಡು ಮೇಲೇರುತ್ತವೆ, ಅವುಗಳಿಗೆ ಜೋಡಿಸಿದ ಸರಳು ಉಗಿಯ ದಾರಿಯನ್ನು ಕಿರಿದು ಮಾಡುತ್ತದೆ. ವೇಗ ಇಳಿದರೆ ಗುಂಡುಗಳು ಕೆಳಗಿಳಿದು ದಾರಿ ಅಗಲವಾಗುತ್ತದೆ. ಇದನ್ನು ನೋಡಿದ ಯಾರಿಗಾದರೂ ಅದರ ಕೆಲಸ ಅರ್ಥವಾಗುತ್ತಿತ್ತು. ಯಂತ್ರದ ಬುದ್ಧಿ ಕಣ್ಣೆದುರಿಗೇ ಗಿರಗಿರನೆ ತಿರುಗುತ್ತಿತ್ತು. ಇಂಥ ಗವರ್ನರ್‌ಗಳು ಕೆಲವೊಮ್ಮೆ ಸ್ಥಿರವಾಗಿ ನಿಲ್ಲದೆ ಏಕೆ ತೂಗಾಡುತ್ತವೆ ಎಂಬುದಕ್ಕೆ 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದ ವಿವರಣೆ ಕೊಟ್ಟ.

ಮುಂದಿನ ದೊಡ್ಡ ಹೆಜ್ಜೆ ಹಡಗಿನಿಂದ ಬಂತು. ಅಮೆರಿಕದ ನೌಕಾಪಡೆಗಾಗಿ ಹಡಗಿನ ಸ್ವಯಂಚಾಲಿತ ಚುಕ್ಕಾಣಿಯ ಮೇಲೆ ಕೆಲಸ ಮಾಡುತ್ತಿದ್ದ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅನುಭವಿ ಚುಕ್ಕಾಣಿಗಾರರು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ಹಡಗು ಈಗ ದಾರಿಯಿಂದ ಎಷ್ಟು ಸರಿದಿದೆ ಎಂಬುದಷ್ಟನ್ನೇ ಅವರು ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ಸರಿದಿದೆ, ಎಷ್ಟು ಬೇಗ ಸರಿಯುತ್ತಿದೆ ಎಂಬ ಇನ್ನೆರಡು ಸಂಗತಿಗಳನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಈಗಿನ ತಪ್ಪು, ಕೂಡುತ್ತ ಬಂದ ತಪ್ಪು, ಮುಂದೆ ಆಗಲಿರುವ ತಪ್ಪು, ಈ ಮೂರನ್ನೂ ಮಿನೋರ್ಸ್ಕಿ ಒಂದೇ ಸಮೀಕರಣದಲ್ಲಿ ಕೂಡಿಸಿದ. ಕಾರ್ಖಾನೆಗಳಲ್ಲಿ ಇಂದು ‘ಪಿಐಡಿ’ ಎಂದು ಕರೆಯುವ ನಿಯಂತ್ರಣ ವಿಧಾನ ಇದೇ. ನೌಕಾಪಡೆಯ ಸಿಬ್ಬಂದಿ ಒಪ್ಪದ ಕಾರಣ ಆ ಯಂತ್ರ ಹಡಗಿನಲ್ಲಿ ನೆಲೆಯೂರಲಿಲ್ಲ. ಆದರೆ ಆ ಲೆಕ್ಕ ಕಾರ್ಖಾನೆಗಳನ್ನು ಸೇರಿ ಜಗತ್ತನ್ನೆಲ್ಲ ಆವರಿಸಿತು. 1942ರಲ್ಲಿ ಟೇಲರ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಜೀಗ್ಲರ್ ಮತ್ತು ನಿಕಲ್ಸ್ ಎಂಬ ಇಬ್ಬರು, ಈ ಮೂರು ಅಂಶಗಳ ಪ್ರಮಾಣವನ್ನು ಕಾರ್ಖಾನೆಯಲ್ಲೇ ಹೊಂದಿಸಿಕೊಳ್ಳುವ ಸುಲಭ ಸೂತ್ರಗಳನ್ನು ಕೊಟ್ಟರು.

ಆ ಕಾಲದ ರಾಸಾಯನಿಕ ಕಾರ್ಖಾನೆಗಳಲ್ಲಿ ಸುದ್ದಿ ಒಯ್ಯುತ್ತಿದ್ದುದು ವಿದ್ಯುತ್ತಲ್ಲ, ಸಣ್ಣ ಕೊಳವೆಗಳಲ್ಲಿನ ಗಾಳಿ. ಚದರ ಅಂಗುಲಕ್ಕೆ 3 ಪೌಂಡ್ ಒತ್ತಡವೆಂದರೆ ಅಳತೆಯ ಕನಿಷ್ಠ ಮಟ್ಟ, 15 ಪೌಂಡ್ ಎಂದರೆ ಗರಿಷ್ಠ ಮಟ್ಟ. ಮುಂದೆ ವಿದ್ಯುತ್ ಸಂಕೇತ ಬಂದಾಗಲೂ 4ರಿಂದ 20 ಮಿಲಿಆಂಪಿಯರ್ ಎಂದು ನಿಗದಿಯಾಯಿತು. ಸೊನ್ನೆಯಿಂದ ಏಕೆ ಆರಂಭಿಸಲಿಲ್ಲ ಎಂದು ನೀವು ಕೇಳಬಹುದು. ಅದರಲ್ಲೊಂದು ಜಾಣ್ಮೆ ಅಡಗಿದೆ. ತೊಟ್ಟಿ ಖಾಲಿಯಾಗಿದ್ದರೂ ತಂತಿಯಲ್ಲಿ 4 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ. ಸೊನ್ನೆ ಬಂತೆಂದರೆ ತಂತಿಯೇ ತುಂಡಾಗಿದೆ ಎಂದರ್ಥ. ‘ತೊಟ್ಟಿಯಲ್ಲಿ ಏನೂ ಇಲ್ಲ’ ಎನ್ನುವುದಕ್ಕೂ ‘ನನಗೇನೂ ತಿಳಿಯುತ್ತಿಲ್ಲ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಉಪಕರಣವೇ ನಿಮಗೆ ಹೇಳುತ್ತದೆ. ಈ ಪ್ರಾಮಾಣಿಕತೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಂಪ್‌ಸೆಟ್ಟಿನ ಪೆಟ್ಟಿಗೆಯೊಳಗೆ

ಹಾಲನ್ನು ಇಂತಿಷ್ಟೇ ಬಿಸಿಯಲ್ಲಿಡುವುದು ಒಂದು ಬಗೆಯ ಕೆಲಸ. ‘ಇದು ಆದ ಮೇಲೆ ಅದು, ಅದು ಆಗದಿದ್ದರೆ ಇದು ಬೇಡ’ ಎಂದು ಹಂತ ಹಂತವಾಗಿ ನಡೆಸುವುದು ಇನ್ನೊಂದು ಬಗೆಯದು. ಈ ಎರಡನೆಯ ಕೆಲಸವನ್ನು ದಶಕಗಳ ಕಾಲ ಮಾಡಿದ್ದು ರಿಲೇ.

ಹಳ್ಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಿಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನೇ ನೆನೆಯಿರಿ. ಹಸಿರು ಗುಂಡಿ ಒತ್ತಿದರೆ ‘ಟಕ್’ ಎಂದು ಸದ್ದಾಗಿ ಮೋಟಾರು ಹೊರಡುತ್ತದೆ. ಬೆರಳು ತೆಗೆದರೂ ಓಡುತ್ತಲೇ ಇರುತ್ತದೆ. ಒಳಗಿರುವ ತಂತಿಯ ಸುರುಳಿ ಕಾಂತವಾಗಿ ಲೋಹದ ತುಂಡನ್ನು ಎಳೆದುಕೊಳ್ಳುತ್ತದೆ, ಆ ತುಂಡೇ ಸುರುಳಿಗೆ ವಿದ್ಯುತ್ ಹರಿಯುವ ಇನ್ನೊಂದು ದಾರಿಯನ್ನು ಮುಚ್ಚಿ ಹಿಡಿಯುತ್ತದೆ. ಕರೆಂಟು ಹೋದರೆ ಹಿಡಿತ ಸಡಿಲುತ್ತದೆ. ಮತ್ತೆ ಕರೆಂಟು ಬಂದಾಗ ಮೋಟಾರು ತಾನಾಗಿ ಹೊರಡುವುದಿಲ್ಲ. ಬೇಲಿಯಾಚೆ ಯಾರಾದರೂ ಪಂಪಿನ ಮೇಲೆ ಕೈಯಿಟ್ಟಿದ್ದರೆ ಅವರ ಕೈ ಉಳಿಯುವುದು ಇದರಿಂದಲೇ. ಅದಕ್ಕೆ ಆಟೋ ಸ್ಟಾರ್ಟರ್ ಕೂಡಿಸಿದಾಗ ಮಾತ್ರ ನಡುರಾತ್ರಿಯಲ್ಲೂ ಪಂಪು ತಾನಾಗಿ ಏಳುತ್ತದೆ. ನೋಡಿದಿರಾ? ಎರಡು ತಂತಿ ಬದಲಾದರೆ ಯಂತ್ರದ ಸ್ವಭಾವವೇ ಬದಲಾಯಿತು.

ಇಂಥ ಸ್ವಿಚ್ಚುಗಳ ಜೋಡಣೆಯ ಹಿಂದೆ ಶುದ್ಧ ತರ್ಕಶಾಸ್ತ್ರವೇ ಇದೆ ಎಂದು ತೋರಿಸಿದವನು ಕ್ಲಾಡ್ ಶಾನನ್. 1937ರಲ್ಲಿ, ಎಂಐಟಿಯ ಸ್ನಾತಕೋತ್ತರ ಪ್ರಬಂಧದಲ್ಲಿ, ರಿಲೇ ಮಂಡಲಗಳನ್ನು ಜಾರ್ಜ್ ಬೂಲ್‌ನ ಬೀಜಗಣಿತದಿಂದ ಬರೆಯಬಹುದೆಂದು ಅವನು ಸಿದ್ಧಪಡಿಸಿದ. ಒಂದರ ಹಿಂದೆ ಒಂದು ಸ್ವಿಚ್ ಇದ್ದರೆ ‘ಮತ್ತು’, ಒಂದರ ಪಕ್ಕ ಒಂದಿದ್ದರೆ ‘ಅಥವಾ’.

ಪಂಪಿನ ಪೆಟ್ಟಿಗೆಯಲ್ಲಿ ಒಂದೆರಡು ರಿಲೇ ಇದ್ದರೆ, ಮೋಟಾರು ಕಾರಿನ ಕಾರ್ಖಾನೆಯಲ್ಲಿ ಸಾಲುಸಾಲು ಕಬ್ಬಿಣದ ಬೀರುಗಳ ತುಂಬ ಅವೇ. ಕಾರಿನ ಮಾದರಿ ಬದಲಾದಾಗ ಯಂತ್ರದ ಕೆಲಸ ಬದಲಾಗಬೇಕು, ಕೆಲಸ ಬದಲಾಗಬೇಕಾದರೆ ತಂತಿ ಕಿತ್ತು ಮತ್ತೆ ಜೋಡಿಸಬೇಕು. ಎಷ್ಟೋ ಬೀರುಗಳನ್ನು ಹಾಗೆಯೇ ಕಿತ್ತೆಸೆಯುತ್ತಿದ್ದರು. ಸವೆದ ರಿಲೇ ಯಾವುದೆಂದು ಹುಡುಕಲು ಎಲೆಕ್ಟ್ರಿಶಿಯನ್ನರು ನಕ್ಷೆ ಹಿಡಿದು ಗಂಟೆಗಟ್ಟಲೆ ಪರದಾಡುತ್ತಿದ್ದರು.

1968ರ ಏಣಿ

1968ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ, ಅಂದರೆ ಕಾರಿನ ಸ್ವಯಂಚಾಲಿತ ಗೇರ್‌ಬಾಕ್ಸ್ ತಯಾರಿಸುವ ವಿಭಾಗ, ತನಗೆ ಬೇಕಾದ ಹೊಸ ಉಪಕರಣದ ಗುಣಗಳನ್ನು ಪಟ್ಟಿ ಮಾಡಿತು. ತಂತಿ ಕೀಳದೆ ಕೆಲಸ ಬದಲಾಯಿಸಲು ಬರಬೇಕು, ಕಾರ್ಖಾನೆಯ ಧೂಳು ಬಿಸಿಗಳನ್ನು ತಡೆಯಬೇಕು, ಕೆಟ್ಟ ಭಾಗವನ್ನು ಕಳಚಿ ಬೇರೆಯದನ್ನು ಸಿಕ್ಕಿಸುವಂತಿರಬೇಕು, ರಿಲೇ ಬೀರುವಿಗಿಂತ ಚಿಕ್ಕದಿರಬೇಕು, ಬೆಲೆಯಲ್ಲೂ ಅದರೊಡನೆ ಪೈಪೋಟಿ ಮಾಡಬೇಕು. ಇದೇ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ರಿಚರ್ಡ್ ಮಾರ್ಲಿ ಮತ್ತವನ ಗೆಳೆಯರು ಇಂಥದೇ ಯೋಚನೆಯಲ್ಲಿದ್ದರು. ಮಾರ್ಲಿ ತನ್ನ ಟಿಪ್ಪಣಿಯನ್ನು ಬರೆದಿಟ್ಟದ್ದು 1968ರ ಜನವರಿ 1ರಂದು. ಅವರು ನಿರ್ಮಿಸಿದ ಯಂತ್ರ ಅವರ ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ಅದಕ್ಕೆ ‘084’ ಎಂದೇ ಹೆಸರಾಯಿತು. ಅದಕ್ಕಾಗಿ ಹುಟ್ಟಿದ ಕಂಪನಿಯ ಹೆಸರು ಮೋಡಿಕಾನ್. 1969ರಲ್ಲಿ 084 ಜನರಲ್ ಮೋಟಾರ್ಸ್ ತಲುಪಿತು.

ಇದು ಗಣಕಯಂತ್ರವೇ. ಆದರೆ ‘ಕಂಪ್ಯೂಟರ್’ ಎಂಬ ಹೆಸರು ಕೇಳಿದರೆ ಕಾರ್ಖಾನೆಯವರು ಹೆದರುತ್ತಾರೆಂದು ಆ ಪದವನ್ನು ದೂರವಿಟ್ಟು ‘ಪ್ರೋಗ್ರಾಮೆಬಲ್ ಕಂಟ್ರೋಲರ್’ ಎಂದರು. ಮುಂದೆ ಅಲೆನ್-ಬ್ರಾಡ್ಲಿ ಸಂಸ್ಥೆಯಿಂದ ‘ಪಿಎಲ್‌ಸಿ’ ಎಂಬ ಹೆಸರು ಬಂದು ಅದೇ ಬಳಕೆಯಲ್ಲಿ ನಿಂತಿತು. ಅದು ಮಾಡುವ ಕೆಲಸ ಸರಳ: ಎಲ್ಲ ಗುಂಡಿಗಳ, ಸ್ವಿಚ್ಚುಗಳ, ಅಳತೆಗಳ ಸ್ಥಿತಿಯನ್ನು ಓದಿಕೊಳ್ಳುವುದು, ಬರೆದಿಟ್ಟ ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸುವುದು, ಉತ್ತರವನ್ನು ಮೋಟಾರು ವಾಲ್ವ್‌ಗಳಿಗೆ ಕಳುಹಿಸುವುದು, ಮತ್ತೆ ಮೊದಲಿನಿಂದ ಆರಂಭಿಸುವುದು. ಇಂದಿನ ಪಿಎಲ್‌ಸಿ ಈ ಸುತ್ತನ್ನು ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗದಷ್ಟು ಕಾಲದಲ್ಲಿ ಮುಗಿಸುತ್ತದೆ.

ಇಲ್ಲಿ ನಾನು ಒತ್ತಿ ಹೇಳಬೇಕಾದದ್ದು ಅದರ ವೇಗವನ್ನಲ್ಲ, ಅದರ ಭಾಷೆಯನ್ನು. ರಿಲೇಗಳ ನಕ್ಷೆಯನ್ನು ಎಲೆಕ್ಟ್ರಿಶಿಯನ್ನರು ಏಣಿಯ ರೂಪದಲ್ಲಿ ಬರೆಯುತ್ತಿದ್ದರು. ಎರಡು ಬದಿಗೆ ಎರಡು ನಿಲುವು ಗೆರೆ, ನಡುವೆ ಮೆಟ್ಟಿಲುಗಳಂತೆ ಅಡ್ಡ ಗೆರೆ. ಮೆಟ್ಟಿಲಿನ ಎಡಕ್ಕೆ ಸ್ವಿಚ್ಚುಗಳು, ಬಲತುದಿಗೆ ಸುರುಳಿ. ಮಾರ್ಲಿಯ ತಂಡ ಈ ‘ಲ್ಯಾಡರ್’ ನಕ್ಷೆಯನ್ನೇ ಯಂತ್ರದ ಭಾಷೆಯನ್ನಾಗಿ ಮಾಡಿತು. ರಾತ್ರಿ ಪಾಳಿಯ ಎಲೆಕ್ಟ್ರಿಶಿಯನ್ ಗಣಕ ವಿಜ್ಞಾನ ಓದಬೇಕಾಗಲಿಲ್ಲ. ಅವನಿಗೆ ಗೊತ್ತಿದ್ದ ಏಣಿಯನ್ನೇ ಅವನು ಓದಿದ; ಯಾವ ಮೆಟ್ಟಿಲಿನಲ್ಲಿ ವಿದ್ಯುತ್ ನಿಂತಿದೆ ಎಂದು ಕಂಡುಹಿಡಿದ. ಅದೇ ಕಾಲದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ದೊಡ್ಡ ಕಂಪನಿಯೂ ಪಿಡಿಪಿ-14 ಎಂಬ ಯಂತ್ರವನ್ನು ಇದೇ ಕೆಲಸಕ್ಕೆ ತಂದಿತ್ತು. ಅದರ ನಿಯಮಗಳು ತಂತಿ ಹೆಣೆದು ಮಾಡಿದ ಸ್ಮೃತಿಯಲ್ಲಿ ಅಚ್ಚಾಗಿದ್ದವು, ಬದಲಿಸಬೇಕೆಂದರೆ ಆ ಹೆಣಿಗೆಯನ್ನೇ ಬದಲಿಸಬೇಕಿತ್ತು. ಕಾರ್ಖಾನೆಗಳ ಒಲವು ಸ್ಥಳದಲ್ಲೇ ಓದಿ ತಿದ್ದಬಹುದಾದ ಯಂತ್ರದ ಕಡೆಗೇ ಹರಿಯಿತು. 1993ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಪಿಎಲ್‌ಸಿಗಳಿಗೆಂದು ಐದು ಭಾಷೆಗಳ ಮಾನದಂಡವನ್ನು ಪ್ರಕಟಿಸಿದಾಗಲೂ ಏಣಿ ಅದರಲ್ಲಿ ತನ್ನ ಸ್ಥಾನ ಉಳಿಸಿಕೊಂಡಿತು.

ಒಂದೇ ತಲೆಯೋ, ಹಲವು ತಲೆಯೋ?

ಎಣ್ಣೆ ಶುದ್ಧೀಕರಣ, ರಸಗೊಬ್ಬರಗಳಂಥ ಕಾರ್ಖಾನೆಗಳ ದಾರಿ ಸ್ವಲ್ಪ ಬೇರೆ. 1959ರಲ್ಲಿ ಅಮೆರಿಕದ ಪೋರ್ಟ್ ಆರ್ಥರ್‌ನ ಟೆಕ್ಸಾಕೊ ಶುದ್ಧೀಕರಣಾಗಾರದಲ್ಲಿ ಕಂಪ್ಯೂಟರ್ ಒಂದು ನಿಯಂತ್ರಣಕ್ಕೆ ಕುಳಿತಿತು. 1962ರಲ್ಲಿ ಇಂಗ್ಲೆಂಡಿನ ಫ್ಲೀಟ್‌ವುಡ್‌ನಲ್ಲಿದ್ದ ಐಸಿಐ ಸಂಸ್ಥೆಯ ಸೋಡಾ ಕಾರ್ಖಾನೆಯಲ್ಲಿ ಫೆರಾಂಟಿ ಆರ್ಗಸ್ ಗಣಕ ಗಾಳಿಯ ಉಪಕರಣಗಳ ಕೆಲಸವನ್ನು ನೇರವಾಗಿ ವಹಿಸಿಕೊಂಡಿತು. ಆದರೆ ಎಲ್ಲ ಕೊಳವೆಗಳೂ ಒಂದೇ ತಲೆಯ ಮಾತು ಕೇಳಿದರೆ ಅಪಾಯವೊಂದುಂಟು: ಆ ತಲೆ ತಿರುಗಿ ಬಿದ್ದರೆ ಕಾರ್ಖಾನೆಯೇ ಬೀಳುತ್ತದೆ.

ಇದಕ್ಕೆ ಪರಿಹಾರವಾಗಿ 1975ರಲ್ಲಿ ಅಮೆರಿಕದ ಹನಿವೆಲ್ ಸಂಸ್ಥೆ ‘ಟಿಡಿಸಿ 2000’ ಎಂಬ ವ್ಯವಸ್ಥೆಯನ್ನೂ ಜಪಾನಿನ ಯೊಕೊಗಾವ ‘ಸೆಂಟಮ್’ ಎಂಬುದನ್ನೂ ತಂದವು. ಬುದ್ಧಿಯನ್ನು ಚಿಕ್ಕ ಚಿಕ್ಕ ಪೆಟ್ಟಿಗೆಗಳಿಗೆ ಹಂಚಿ, ನೋಡುವ ಕೆಲಸವನ್ನು ಮಾತ್ರ ಒಂದು ಕೋಣೆಯ ಪರದೆಗಳಿಗೆ ತಂದದ್ದು ಇವುಗಳ ವಿಶೇಷ. ಗೋಡೆಯುದ್ದಕ್ಕೂ ಇದ್ದ ನೂರಾರು ಮುಳ್ಳಿನ ಮಾಪಕಗಳು ಹೋಗಿ, ಆಪರೇಟರ್ ಒಂದು ಪರದೆಯ ಮುಂದೆ ಕುಳಿತ. ಕೆಲಸ ಸಲೀಸಾಯಿತು, ನಿಜ. ಆದರೆ ಅವನಿಗೂ ಕೊಳವೆಗೂ ನಡುವಿನ ದೂರ ಹೆಚ್ಚಿತು. ಇನ್ನು ಮುಂದೆ ಅವನು ನಂಬಬೇಕಾದದ್ದು ಪರದೆಯನ್ನು.

ದೀಪ ಆರಿತ್ತು, ವಾಲ್ವ್ ಮುಚ್ಚಿರಲಿಲ್ಲ

ದೀಪವನ್ನೋ ಪರದೆಯನ್ನೋ ನಂಬುವುದರಲ್ಲಿ ಏನು ತೊಡಕಿದೆ? 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಕೇಂದ್ರದಲ್ಲಿ ಒತ್ತಡ ಇಳಿಸುವ ಒಂದು ವಾಲ್ವ್ ತೆರೆದುಕೊಂಡಿತು. ಮತ್ತೆ ಮುಚ್ಚಿಕೊಳ್ಳಬೇಕಾಗಿತ್ತು, ಸಿಕ್ಕಿಕೊಂಡು ತೆರೆದೇ ಉಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಆ ವಾಲ್ವಿನ ದೀಪ ಮಾತ್ರ ಆರಿಹೋಯಿತು. ಆರಿದ ದೀಪಕ್ಕೆ ‘ಮುಚ್ಚಿದೆ’ ಎಂಬ ಅರ್ಥವಿರಲಿಲ್ಲ, ‘ಮುಚ್ಚಲು ಆಜ್ಞೆ ಹೋಗಿದೆ’ ಎಂಬ ಅರ್ಥ ಮಾತ್ರ ಇತ್ತು. ಎರಡು ಗಂಟೆಗೂ ಹೆಚ್ಚು ಕಾಲ ತಂಪು ಮಾಡುವ ನೀರು ಹೊರಗೆ ಹರಿಯಿತು. ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಬಡಿದುಕೊಂಡವು. ಕೊನೆಗೆ ಸ್ಥಾವರದ ಗರ್ಭದಲ್ಲಿದ್ದ ಇಂಧನದ ಸುಮಾರು ಅರ್ಧ ಭಾಗ ಕರಗಿತ್ತು.

ನಮ್ಮ ದೂರದರ್ಶನದ ವೃತ್ತಿಯಲ್ಲಿ ಇದಕ್ಕೊಂದು ಹೋಲಿಕೆ ಉಂಟು. ಸ್ಟುಡಿಯೊದ ನಿಯಂತ್ರಣ ಕೊಠಡಿಯಲ್ಲಿ ನಾವು ಕಳುಹಿಸುತ್ತಿರುವ ಚಿತ್ರವನ್ನು ತೋರಿಸುವ ಮಾನಿಟರ್ ಇರುತ್ತದೆ. ಜೊತೆಗೆ, ಪ್ರಸಾರವಾಗಿ ಆಕಾಶದಿಂದ ಮರಳಿ ಬಂದ ಚಿತ್ರವನ್ನು ತೋರಿಸುವ ಇನ್ನೊಂದು ಮಾನಿಟರ್ ಕೂಡ ಇರುತ್ತದೆ. ಮೊದಲನೆಯದು ನಾವು ಏನು ಮಾಡಿದೆವು ಎಂದು ಹೇಳುತ್ತದೆ. ನಿಮ್ಮ ಮನೆಗೆ ಏನು ತಲುಪಿತು ಎಂದು ಹೇಳುವುದು ಎರಡನೆಯದು. ಆಜ್ಞೆಗೂ ಫಲಕ್ಕೂ ನಡುವಿನ ಈ ಅಂತರವನ್ನು ಮರೆತ ಕೊಠಡಿ ಯಾವುದೇ ಇರಲಿ, ಅಲ್ಲಿ ಕತ್ತಲೆ ಕವಿಯಲು ಹೆಚ್ಚು ಹೊತ್ತು ಬೇಕಿಲ್ಲ. ಇಂದು ಎಚ್ಚರವುಳ್ಳ ಕಾರ್ಖಾನೆಗಳಲ್ಲಿ ಮುಖ್ಯ ವಾಲ್ವ್‌ಗಳಿಗೆ ಅವು ನಿಜವಾಗಿ ಎಲ್ಲಿವೆ ಎಂದು ತಿಳಿಸುವ ಸ್ವಿಚ್ಚುಗಳನ್ನು ಪ್ರತ್ಯೇಕವಾಗಿ ಹಾಕಿರುತ್ತಾರೆ.

ಮುಂದಿನ ಘಟನೆ ಇನ್ನೂ ಗಂಭೀರವಾದದ್ದು. ತ್ರೀ ಮೈಲ್ ಐಲೆಂಡಿನಲ್ಲಿ ದೀಪ ಬೇಕೆಂದು ಸುಳ್ಳು ಹೇಳಿರಲಿಲ್ಲ. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ಗಣಕ ಕೀಟಾಣು ಹೇಳಿದ್ದು ಬೇಕೆಂದೇ ಹೆಣೆದ ಸುಳ್ಳು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗಳೇ ಅದರ ಗುರಿಯಾಗಿದ್ದವು ಎಂಬುದು ಪರಿಣತರ ನಿರ್ಣಯ. ಅದು ಸೀಮೆನ್ಸ್ ಸಂಸ್ಥೆಯ ಪಿಎಲ್‌ಸಿಗಳೊಳಗೆ ನುಸುಳಿ, 1,064 ಹರ್ಟ್ಸ್ ಸುಮಾರಿನಲ್ಲಿ ನಡೆಯಬೇಕಾದ ಮೋಟಾರುಗಳನ್ನು 1,410 ಹರ್ಟ್ಸ್‌ಗೆ ಏರಿಸಿ, ಆಮೇಲೆ 2 ಹರ್ಟ್ಸ್‌ಗೆ ಇಳಿಸುವಂತೆ ಆಜ್ಞೆಗಳನ್ನು ತಿದ್ದುತ್ತಿತ್ತು. ಮೊದಲೇ ದಾಖಲಿಸಿಟ್ಟ ಸಹಜ ಅಳತೆಗಳನ್ನು ಮತ್ತೆ ಮತ್ತೆ ಮುಂದಿಟ್ಟು, ಎಲ್ಲವೂ ಸರಿಯಾಗಿದೆ ಎಂದು ನಂಬಿಸುವ ಏರ್ಪಾಡೂ ಅದರಲ್ಲಿತ್ತು. ಅನುಮಾನಗೊಂಡು ಪಿಎಲ್‌ಸಿಯ ಪ್ರೋಗ್ರಾಂ ತೆರೆದು ನೋಡಿದ ಎಂಜಿನಿಯರಿಗೂ ಕೀಟಾಣು ಸೇರಿಸಿದ ಭಾಗ ಕಾಣದಂತೆ ಅದು ಮರೆಮಾಡುತ್ತಿತ್ತು. 1968ರಲ್ಲಿ ಎಲೆಕ್ಟ್ರಿಶಿಯನ್ನನ ಕೈಗೆ ಕೊಟ್ಟ ಏಣಿಯನ್ನು ಅದು ಅವನ ಕಣ್ಣೆದುರಿಗೇ ಕದ್ದಿತ್ತು.

2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋ ರಾಸಾಯನಿಕ ಕಾರ್ಖಾನೆಯಲ್ಲಿ, ಅಪಾಯ ಬಂದಾಗ ಎಲ್ಲವನ್ನೂ ನಿಲ್ಲಿಸಬೇಕಾದ ಸುರಕ್ಷಾ ನಿಯಂತ್ರಕದೊಳಕ್ಕೇ ‘ಟ್ರೈಟನ್’ ಎಂಬ ಕೀಟಾಣು ಹೊಕ್ಕಿತು. ಆ ಪೆಟ್ಟಿಗೆಗೆ ಒಂದು ನಿಜವಾದ ಬೀಗದ ಕೈ ಇರುತ್ತದೆ. ಅದನ್ನು ‘ಓಡು’ ಎಂಬಲ್ಲಿಗೆ ತಿರುಗಿಸಿದ್ದರೆ ದೂರದಿಂದ ಪ್ರೋಗ್ರಾಂ ಬದಲಿಸುವುದು ಸಾಧ್ಯವಾಗುತ್ತಿರಲಿಲ್ಲ. ಅದು ‘ಬರೆ’ ಎಂಬಲ್ಲೇ ಉಳಿದಿತ್ತು. ಅದೃಷ್ಟವಶಾತ್ ಕಾರ್ಖಾನೆ ತಾನಾಗಿ ನಿಂತುಹೋಗಿ ವಿಷಯ ಹೊರಬಿತ್ತು. ಬೀಗದ ಕೈಯನ್ನು ಯಾರು, ಯಾವಾಗ, ಎಲ್ಲಿಗೆ ತಿರುಗಿಸಿದರು ಎಂದು ಬರೆದಿಡುವ ಒಂದು ಸಾದಾ ಪುಸ್ತಕ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಇದರಿಂದ ನೀವು ಊಹಿಸಬಹುದು.

ನಮ್ಮ ನಾಡಿನ ಪೆಟ್ಟಿಗೆಗಳು

ಈ ಕಥೆ ನಮಗೆ ಹೊರಗಿನದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಯಂತ್ರೋಪಕರಣಗಳ ತಯಾರಿಕೆಗಾಗಿ ಸ್ಥಾಪನೆಯಾಯಿತು. ಮೈಸೂರು ರಸ್ತೆಯಲ್ಲಿರುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ದೇಶದ ಅನೇಕ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಿಗೆ ನಿಯಂತ್ರಣ ವ್ಯವಸ್ಥೆಗಳನ್ನು ಒದಗಿಸಿದೆ. ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಲ್ಲೂ ಇಂದು ಪಿಎಲ್‌ಸಿ ಇದೆ. ಅದನ್ನು ಸರಿಪಡಿಸುವವರು ಐಟಿಐ, ಡಿಪ್ಲೊಮಾ ಓದಿದ ಹುಡುಗರು, ಹುಡುಗಿಯರು.

ಆದರೆ ಅಲ್ಲಿ ಕೇಳಿಬರುವ ಒಂದು ದೂರನ್ನು ಗಮನಿಸಿ. ಯಂತ್ರ ಮಾರಿದವರು ಪಿಎಲ್‌ಸಿಯ ಪ್ರೋಗ್ರಾಮಿಗೆ ಪಾಸ್‌ವರ್ಡ್ ಹಾಕಿ ಹೋಗಿರುತ್ತಾರೆ. ಕೆಲವು ವರ್ಷಗಳ ಮೇಲೆ ಒಂದು ಸೆನ್ಸರ್ ಬದಲಿಸಬೇಕಾಗುತ್ತದೆ. ಮಾರಿದವರು ಊರು ಬಿಟ್ಟಿರುತ್ತಾರೆ, ಇಲ್ಲವೇ ಬರಲು ದೊಡ್ಡ ಮೊತ್ತ ಕೇಳುತ್ತಾರೆ. ಏಣಿ ಓದಲು ಬಲ್ಲ ಎಲೆಕ್ಟ್ರಿಶಿಯನ್ ಪಕ್ಕದಲ್ಲೇ ನಿಂತಿದ್ದರೂ ಅವನ ಎದುರಿಗೆ ಮುಚ್ಚಿದ ಪೆಟ್ಟಿಗೆ. ಗುಟ್ಟು ಕಾಪಾಡಿಕೊಳ್ಳುವ ಹಕ್ಕು ತಯಾರಕರಿಗೆ ಇಲ್ಲವೆಂದಲ್ಲ. ಹೊರಗಿನ ಕೀಟಾಣುಗಳಿಂದ ಪೆಟ್ಟಿಗೆಯನ್ನು ಕಾಯಲು ಬೀಗವೂ ಬೇಕೇ ಬೇಕು. ಆದರೆ ಕೊಂಡವರ ಕೈಯಲ್ಲಿ ಕೀಲಿಕೈ ಇಲ್ಲದ ಬೀಗ ರಕ್ಷಣೆಯಲ್ಲ, ಪರಾಧೀನತೆ.

ಆದ್ದರಿಂದ ನೀವು ಸಣ್ಣ ಉದ್ದಿಮೆ ನಡೆಸುವವರಾದರೆ, ಹಾಲು ಒಕ್ಕೂಟದ ಅಥವಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯರಾದರೆ, ಊರಿನ ನೀರು ಸರಬರಾಜಿನ ಸಮಿತಿಯಲ್ಲಿದ್ದರೆ, ಹೊಸ ಯಂತ್ರ ಕೊಳ್ಳುವಾಗ ಬೆಲೆಯ ಜೊತೆಗೆ ನಾಲ್ಕು ಮಾತು ಕೇಳಿ. ಟಿಪ್ಪಣಿ ಸಹಿತ ಪ್ರೋಗ್ರಾಮಿನ ಪ್ರತಿ ನಮಗೆ ಸಿಗುತ್ತದೆಯೇ? ಪರದೆ ತೋರಿಸುವುದು ಆಜ್ಞೆಯನ್ನೋ, ನಿಜಸ್ಥಿತಿಯನ್ನೋ? ಪರದೆ ಆರಿದರೆ ಕೈಯಿಂದ ತಿರುಗಿಸುವ ವಾಲ್ವ್ ಎಲ್ಲಿದೆ? ಬೀಗದ ಕೈ ಯಾರ ಬಳಿ ಇರುತ್ತದೆ? ಒಪ್ಪಂದದ ಕಾಗದದಲ್ಲಿ ಈ ನಾಲ್ಕಕ್ಕೂ ಉತ್ತರ ಬರೆಸಿಕೊಳ್ಳಿ. ನಿಮ್ಮ ಮಗಳೋ ಮಗನೋ ಐಟಿಐಗೆ ಸೇರಿದ್ದರೆ, ಅವರ ಪುಸ್ತಕದಲ್ಲಿ ಏಣಿಯಂಥ ಆ ನಕ್ಷೆಯನ್ನು ಹುಡುಕಿ, ಒಂದು ಮೆಟ್ಟಿಲನ್ನು ನಿಮಗೆ ಓದಿ ಹೇಳಲು ಕೇಳಿ. ಹಸಿರು ಗುಂಡಿ, ಕೆಂಪು ಗುಂಡಿ, ತನ್ನನ್ನು ತಾನೇ ಹಿಡಿದುಕೊಳ್ಳುವ ರಿಲೇ: ನಿಮ್ಮ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಇರುವುದು ಅದೇ ಮೆಟ್ಟಿಲು ಎಂದು ಆಗ ನಿಮಗೇ ತಿಳಿಯುತ್ತದೆ.